ಹಾದುಹೋದವರ ಕುರುಹು

ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಕೊರೆದ ಕೆಲವು ಸಾಲುಗಳಿವೆ. 1915ರಲ್ಲಿ ಅವನ್ನು ಹೊರಲೋಕಕ್ಕೆ ತೋರಿಸಿಕೊಟ್ಟಾತ ಶಾಸನ ಪಂಡಿತನಲ್ಲ, ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗಂಟು ಬಿಚ್ಚಿದ್ದು 1837ರಲ್ಲಿ. ಅಂದಿನಿಂದ ದೇಶದ ಬಂಡೆಗಳ ಮೇಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಸಿಗುತ್ತಿದ್ದವು, ಆದರೆ ಆ ಅರಸನ ಹೆಸರು ಸಿಕ್ಕಿರಲಿಲ್ಲ. ಸಿಂಹಳದ ಪುರಾತನ ಗ್ರಂಥಗಳನ್ನು ಪಕ್ಕದಲ್ಲಿಟ್ಟುಕೊಂಡು, ಇವನು ಅಶೋಕನೇ ಇರಬೇಕು ಎಂದು ವಿದ್ವಾಂಸರು ಊಹಿಸಿದ್ದರು. ಊಹೆ ಬಲವಾಗಿಯೇ ಇತ್ತು. ಆದರೂ ಅದು ಊಹೆ. ಮಸ್ಕಿಯ ಬಂಡೆ ‘ಅಶೋಕ’ ಎಂಬ ಹೆಸರನ್ನೇ ಹೇಳಿತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳ ಬಂಡೆಗಳೂ ಅದೇ ಹೆಸರನ್ನು ಹೇಳಿದವು.

ಅಶೋಕನನ್ನು ನಾವ್ಯಾರೂ ಕಂಡಿಲ್ಲ, ಅವನು ಬಿಟ್ಟುಹೋದ ಗೀರುಗಳನ್ನು ಮಾತ್ರ ಕಂಡಿದ್ದೇವೆ. ಹಾಗಿದ್ದೂ ಅವನಿದ್ದ ಎಂದು ಅಳುಕಿಲ್ಲದೆ ಹೇಳುತ್ತೇವೆ. ಇಲ್ಲೊಂದು ಹಳೆಯ ಪ್ರಶ್ನೆಯಿದೆ. ಕಣ್ಣಿಗೆ ಕಾಣದೆ ಹಾದುಹೋದದ್ದನ್ನು ‘ಹೌದು, ಇತ್ತು’ ಎನ್ನುವ ಹಕ್ಕು ನಮಗೆ ಯಾವಾಗ ಬರುತ್ತದೆ? ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ. ಕುರುಹನ್ನೇ ಬಿಡದೆ ಹಾದುಹೋದವರ ವಿಷಯದಲ್ಲಿ ನಮ್ಮ ಕರ್ತವ್ಯವೇನು? ಮೊದಲನೆಯದು ಜ್ಞಾನದ ಪ್ರಶ್ನೆಯಂತೆಯೂ ಎರಡನೆಯದು ನೀತಿಯ ಪ್ರಶ್ನೆಯಂತೆಯೂ ತೋರುತ್ತದೆ. ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖ ಎಂಬುದು ನನ್ನ ಅನಿಸಿಕೆ. ಅದನ್ನು ವಿವರಿಸಲು, ಕುರುಹು ಓದುವುದನ್ನೇ ಕಸುಬಾಗಿಸಿಕೊಂಡ ಒಂದು ವಿದ್ಯೆಯ ಆಸರೆ ಪಡೆಯುತ್ತೇನೆ. ಕಣಗಳ ಜಾಡು ಹಿಡಿಯುವ ಅನಿಲ ಡಿಟೆಕ್ಟರುಗಳನ್ನು ಕಟ್ಟುವ ವಿದ್ಯೆ ಅದು.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವಿನ ಎರೆ ಸೀಮೆಯಲ್ಲಿ, ವಳಕಮದಿನ್ನಿಯಂಥ ಊರುಗಳ ಹೊಲಗಳಲ್ಲಿ ನಡೆದವರಿಗೆ ಈ ಯಂತ್ರದ ಗುಟ್ಟು ಅರ್ಧ ಗೊತ್ತಿದ್ದ ಹಾಗೆಯೇ. ಬೇಸಿಗೆಯಲ್ಲಿ ಬಿರುಕುಬಿಟ್ಟು ಗಟ್ಟಿಯಾದ ಎರೆಯ ಮೇಲೆ ಎತ್ತು ನಡೆದರೂ ಗುರುತು ಮೂಡದು. ಜಡಿಮಳೆಯಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಕೆಸರು, ಹೆಜ್ಜೆ ಅಲ್ಲೇ ಮುಚ್ಚಿಹೋಗುತ್ತದೆ. ಮಳೆ ನಿಂತು ಹದ ಬಂದ ಒಂದೆರಡು ದಿನ ಮಾತ್ರ ಕುರಿಯ ಗೊರಸು, ಹಕ್ಕಿಯ ಉಗುರು, ಮನುಷ್ಯನ ಹೆಬ್ಬೆರಳು ಎಲ್ಲವೂ ಅಚ್ಚೊತ್ತಿದಂತೆ ಮೂಡುತ್ತವೆ. ಹೆಜ್ಜೆ ಮೂಡಬೇಕಾದರೆ ನಡೆದವರಿದ್ದರೆ ಸಾಲದು, ನೆಲಕ್ಕೂ ಹದ ಬಂದಿರಬೇಕು.

ಅನಿಲ ಡಿಟೆಕ್ಟರ್ ಎಂದರೆ ಹೀಗೆ ಹದಗೊಳಿಸಿದ ನೆಲ. ಆರ್ಗಾನ್‌ನಂಥ ಅನಿಲ ತುಂಬಿದ ಪೆಟ್ಟಿಗೆಯೊಳಗಿಂದ ವಿದ್ಯುದಂಶವುಳ್ಳ ಕಣವೊಂದು ಅತಿವೇಗದಲ್ಲಿ ಹಾದುಹೋಗುತ್ತದೆ ಎನ್ನಿ. ದಾರಿಯಲ್ಲಿ ಸಿಕ್ಕ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತು ಬರುತ್ತವೆ. ಒಂದು ಸೆಂಟಿಮೀಟರ್ ದಾರಿಗೆ ಸುಮಾರು ನೂರು ಎಲೆಕ್ಟ್ರಾನ್. ಅಷ್ಟು ಅಲ್ಪವನ್ನು ಯಾವ ಉಪಕರಣವೂ ಸರಿಯಾಗಿ ಕೇಳಿಸಿಕೊಳ್ಳಲಾರದು. ಅದಕ್ಕೆಂದೇ ಪೆಟ್ಟಿಗೆಯಲ್ಲಿ ಕೂದಲಿಗಿಂತ ತೆಳುವಾದ ತಂತಿ ಎಳೆದು ಹೆಚ್ಚಿನ ವೋಲ್ಟೇಜ್ ಕೊಟ್ಟಿರುತ್ತಾರೆ. ಎಲೆಕ್ಟ್ರಾನುಗಳು ತಂತಿಯತ್ತ ಧಾವಿಸುತ್ತ ಮತ್ತಷ್ಟು ಪರಮಾಣುಗಳಿಗೆ ಢಿಕ್ಕಿ ಹೊಡೆದು ಒಂದು ಎರಡಾಗಿ, ಎರಡು ನಾಲ್ಕಾಗಿ, ಸಾವಿರಗಟ್ಟಲೆ ಆಗುತ್ತವೆ. ಆಗ ತಂತಿ ಮಿಡಿಯುತ್ತದೆ. ವೋಲ್ಟೇಜ್ ಕಡಿಮೆಯಾದರೆ ಮಿಡಿತವೇ ಇಲ್ಲ. ಹೆಚ್ಚಾದರೆ ಯಾರೂ ಬಾರದಿದ್ದರೂ ಕಿಡಿ ಹಾರುತ್ತದೆ. ಬೇಕಾದ ಹದ ಈ ಎರಡರ ನಡುವೆ ಇದೆ.

1908ರಲ್ಲಿ ರುದರ್‌ಫರ್ಡ್ ಮತ್ತು ಗೈಗರ್ ಇಂಥ ಒಂಟಿ ತಂತಿಯಿಂದ ಕಣಗಳನ್ನು ಒಂದೊಂದಾಗಿ ಎಣಿಸಿದರು. 1968ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಜಾರ್ಜ್ ಶಾರ್ಪಾಕ್ ಅನೇಕ ತಂತಿಗಳನ್ನು ಮಗ್ಗದ ಹಾಸಿನಂತೆ ಸಾಲಾಗಿ ಎಳೆದು ಕಣದ ಇಡೀ ದಾರಿಯನ್ನು ಗುರುತಿಸುವ ಉಪಾಯ ಕಂಡುಕೊಂಡರು. 1992ರ ನೊಬೆಲ್ ಬಂದದ್ದು ಅದಕ್ಕೆ. 1997ರಲ್ಲಿ ಅಲ್ಲಿಯೇ ಫಾಬಿಯೊ ಸೌಲಿ ತಂತಿಯನ್ನೂ ಕೈಬಿಟ್ಟರು. ಎರಡೂ ಬದಿಗೆ ತಾಮ್ರ ಲೇಪಿಸಿದ, 50 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆಯಲ್ಲಿ 70 ಮೈಕ್ರಾನ್ ಅಗಲದ ಲೆಕ್ಕವಿಲ್ಲದಷ್ಟು ರಂಧ್ರಗಳು. ಒಂದೊಂದು ರಂಧ್ರವೂ ಒಂದೊಂದು ತಂತಿಯ ಕೆಲಸ ಮಾಡುತ್ತದೆ. ‘ಜೆಮ್’ ಎಂದು ಕರೆಯುವ ಈ ಹಾಳೆಗಳನ್ನು ಬೆಂಗಳೂರಿನ ಮೈಕ್ರೋಪ್ಯಾಕ್ ಎಂಬ ಕಂಪನಿಯೂ ತಯಾರಿಸಿದೆ. ಸರ್ನ್‌ನ ದೊಡ್ಡ ಪ್ರಯೋಗಗಳಲ್ಲಿ ಇಂದು ಈ ಬಗೆಯ ಹಾಳೆಗಳು ಕೆಲಸ ಮಾಡುತ್ತಿವೆ.

ಇಷ್ಟು ಹೇಳಿದ್ದು ಯಂತ್ರದ ಬೆರಗಿಗಾಗಿ ಅಲ್ಲ. ಪರದೆಯ ಮೇಲೆ ಮೂಡುವ ಗೆರೆ ಕಣವಲ್ಲ. ಕಣ ಮುರಿದ ಅನಿಲ, ನಾವು ಕೊಟ್ಟ ವೋಲ್ಟೇಜ್, ಗಣಕ ಜೋಡಿಸಿದ ಚುಕ್ಕೆಗಳು ಇವೆಲ್ಲ ಸೇರಿದಾಗ ಒಂದು ಗೆರೆಯಾಗುತ್ತದೆ. ಕುರುಹಿನಲ್ಲಿ ನಡೆದವನ ಪಾಲೆಷ್ಟೋ ನೆಲದ ಪಾಲೂ ಅಷ್ಟೇ ಇರುತ್ತದೆ. ಕನ್ನಡದ ವಚನಕಾರರಿಗೆ ಇದು ಹೊಸ ಮಾತಾಗುತ್ತಿರಲಿಲ್ಲ. ಅರಿವು ಮತ್ತು ಕುರುಹು ಎಂಬ ಜೋಡಿಯನ್ನು ಅವರಷ್ಟು ಹದವಾಗಿ ಬಳಸಿದವರು ಕಡಿಮೆ. ಕುರುಹಿಲ್ಲದೆ ಅರಿವಿಗೆ ದಾರಿಯಿಲ್ಲ, ಕುರುಹನ್ನೇ ಅರಿವೆಂದು ತಿಳಿದರೂ ದಾರಿ ತಪ್ಪುತ್ತದೆ. ಪ್ರಯೋಗಶಾಲೆಯಲ್ಲಿ ಈ ಎಚ್ಚರ ದಿನದಿನದ ಕೆಲಸ. ಮೂಡಿದ ಪ್ರತಿ ಗೆರೆಯನ್ನೂ ‘ನಿನ್ನನ್ನು ಬರೆದದ್ದು ಹಾದುಹೋದವನೋ, ನನ್ನ ಯಂತ್ರವೋ?’ ಎಂದು ಕೇಳಲೇಬೇಕು.

ಈ ಪ್ರಶ್ನೆಯನ್ನು ಎದುರಿಸಿದ ಬಹು ದೊಡ್ಡ ಉದಾಹರಣೆಯೊಂದು ನಮ್ಮ ರಾಜ್ಯದಲ್ಲೇ ಇದೆ. ಅದೂ ನಡೆದದ್ದು ಚಿನ್ನದ ಗಣಿಯಲ್ಲಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಲ್ಲ, ಅತ್ತ ಕೋಲಾರದಲ್ಲಿ. 1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಕೋಲಾರದ ಗಣಿಗೆ ಇಳಿದು, ಆಕಾಶದಿಂದ ಬರುವ ಮ್ಯೂಆನ್ ಎಂಬ ಕಣಗಳು ನೆಲದೊಳಗೆ ಎಷ್ಟು ಆಳದವರೆಗೆ ತಲುಪುತ್ತವೆ ಎಂದು ಅಳೆಯತೊಡಗಿದರು. ನೆಲದ ಮೇಲೆ ನಮ್ಮ ಅಂಗೈಯನ್ನು ಹೆಚ್ಚುಕಡಿಮೆ ಸೆಕೆಂಡಿಗೆ ಒಂದರಂತೆ ಈ ಕಣಗಳು ತೂರಿಹೋಗುತ್ತಲೇ ಇರುತ್ತವೆ. ಆಳಕ್ಕೆ ಹೋದಂತೆ ಬಂಡೆ ಅವನ್ನು ತಡೆಯುತ್ತದೆ. 1960ರ ದಶಕದ ಮೊದಲಲ್ಲಿ, ಎರಡೂವರೆ ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಯಂತ್ರವಿಟ್ಟು ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ಬರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಪ್ರಯೋಗ ಸೋತಿತೆಂದು ಗಂಟುಮೂಟೆ ಕಟ್ಟುತ್ತಿದ್ದರೇನೋ. ಇವರು ಆ ಮೌನವನ್ನೇ ಓದಿದರು. ಸದ್ದು ಇಷ್ಟು ಅಡಗಿದ ಜಾಗದಲ್ಲಿ ಅತಿ ಮೆಲ್ಲಗೆ ಮಾತಾಡುವುದು ಕೇಳಿಸಬೇಕು. ಹಾಗೆ ಮೆಲ್ಲಗೆ ಮಾತಾಡುವುದೇ ನ್ಯೂಟ್ರಿನೊ. ಇಡೀ ಭೂಮಿಯನ್ನೇ ಏನೂ ಇಲ್ಲವೆಂಬಂತೆ ದಾಟಿಹೋಗುವ ಕಣ ಅದು, ತೀರಾ ಅಪರೂಪಕ್ಕೊಮ್ಮೆ ಬಂಡೆಯಲ್ಲಿ ಸಿಕ್ಕಿಬಿದ್ದು ಒಂದು ಮ್ಯೂಆನನ್ನು ಹುಟ್ಟಿಸುತ್ತದೆ. ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ಕೂಡಿ ಸುಮಾರು 2300 ಮೀಟರ್ ಆಳದಲ್ಲಿ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳನ್ನು ಗೋಡೆಯಂತೆ ಜೋಡಿಸಿದರು. ಕಣ ಹಾದುಹೋದ ಕೊಳವೆಗಳು ಮಾತ್ರ ಮಿನುಗುತ್ತವೆ, ಕ್ಯಾಮೆರಾ ಆ ಮಿನುಗಿನ ಸಾಲನ್ನು ಹಿಡಿಯುತ್ತದೆ. 1965ರಲ್ಲಿ ಅಡ್ಡಡ್ಡಲಾಗಿ ಬಂದ ಗೆರೆಗಳು ಸಿಕ್ಕವು. ಆಕಾಶದ ಮ್ಯೂಆನ್ ಅಷ್ಟು ಬಂಡೆ ದಾಟಿ ಅಡ್ಡಕ್ಕೆ ಬರುವುದು ಸಾಧ್ಯವೇ ಇಲ್ಲ. ಹಾಗಾದರೆ ಬರೆದದ್ದು ನ್ಯೂಟ್ರಿನೊವೇ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಮನುಷ್ಯನಿಗೆ ಸಿಕ್ಕದ್ದು ಹೀಗೆ, ಕೋಲಾರದಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿತು.

ಇದು ಗೆದ್ದ ಕಥೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮುಂದಿನದು. ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂಬ ಪ್ರಶ್ನೆ 1970ರ ದಶಕದಲ್ಲಿ ಎದ್ದಿತ್ತು. ಅದು ಸಾಯುವುದಾದರೆ ಜಗತ್ತಿನ ಎಲ್ಲ ವಸ್ತುವೂ ಒಂದು ದಿನ ಕರಗಿಹೋಗುವಂಥದ್ದೇ. 1980ರಲ್ಲಿ ಕೋಲಾರದ ಆಳದಲ್ಲಿ 140 ಟನ್ ತೂಕದ ಯಂತ್ರ ಕೆಲಸಕ್ಕೆ ಕೂತಿತು. ಕಬ್ಬಿಣದ ಫಲಕಗಳ ನಡುವೆ ಅನಿಲ ತುಂಬಿದ ಸುಮಾರು 1600 ಕೊಳವೆಗಳು, 34 ಪದರಗಳಲ್ಲಿ. ಪ್ರೋಟಾನ್ ಸಾವಿಗಾಗಿಯೇ ಮೀಸಲಾಗಿ ಕಟ್ಟಿ ಕಾಯಲು ಹೊರಟ ಮೊದಮೊದಲ ಯಂತ್ರಗಳಲ್ಲಿ ಅದು ಒಂದು. ಕೆಲವೇ ತಿಂಗಳಲ್ಲಿ ಪ್ರೋಟಾನ್ ಸತ್ತರೆ ಹೀಗೇ ಕಾಣಬಹುದು ಎನ್ನುವಂಥ ಕೆಲವು ಗೆರೆಗಳು ಮೂಡಿದವು.

ಆಗ ಆ ತಂಡ ಬಳಸಿದ ಪದವನ್ನು ಗಮನಿಸಬೇಕು. ‘ಪ್ರೋಟಾನ್ ಸತ್ತದ್ದನ್ನು ಕಂಡೆವು’ ಎಂದು ಅವರು ಬರೆಯಲಿಲ್ಲ. ಅವಕ್ಕೆ ಉಮೇದುವಾರ ಘಟನೆಗಳು ಎಂದು ಕರೆದರು. ಉಮೇದುವಾರ ಎಂದರೆ ನಾಮಪತ್ರ ಸಲ್ಲಿಸಿದವನು, ಗೆದ್ದವನಲ್ಲ. ಗೆರೆಗಳ ಚಿತ್ರಗಳನ್ನೂ ಲೆಕ್ಕವನ್ನೂ ಎಲ್ಲರ ಮುಂದಿಟ್ಟರು. ಇಂಥ ಗೆರೆಗಳನ್ನು ನ್ಯೂಟ್ರಿನೊ ಕೂಡ ಬರೆಯಬಲ್ಲದಲ್ಲವೇ ಎಂಬ ಸಂದೇಹ ಎದ್ದಿತು. ಆಮೇಲೆ ಅಮೆರಿಕದ ಉಪ್ಪಿನ ಗಣಿಯೊಂದರಲ್ಲಿ, ಜಪಾನಿನ ಕಾಮಿಯೋಕದಲ್ಲಿ ಸಾವಿರಾರು ಟನ್ ನೀರು ತುಂಬಿದ ಯಂತ್ರಗಳು ಬಂದವು. ಕೋಲಾರದ ಲೆಕ್ಕ ನಿಜವಾಗಿದ್ದರೆ ಅವುಗಳಲ್ಲಿ ಪ್ರೋಟಾನಿನ ಸಾವು ಧಾರಾಳವಾಗಿ ಕಾಣಬೇಕಿತ್ತು. ಕಾಣಲಿಲ್ಲ. ಕೋಲಾರದ ಗೆರೆಗಳು ಸೂಚಿಸಿದ ಪ್ರೋಟಾನಿನ ಸರಾಸರಿ ಆಯುಸ್ಸು ಒಂದರ ಮುಂದೆ ಮೂವತ್ತು ಸೊನ್ನೆಗಳಷ್ಟು ವರ್ಷಗಳ ಮಟ್ಟದ್ದು. ಅದು ಒಂದರ ಮುಂದೆ ಮೂವತ್ತನಾಲ್ಕು ಸೊನ್ನೆಗಳಷ್ಟು ವರ್ಷಗಳಿಗೂ ಹೆಚ್ಚು ಎಂದು ಇಂದಿನ ಪ್ರಯೋಗಗಳು ಹೇಳುತ್ತವೆ.

ಕೋಲಾರ ಸೋತಿತೇ? ಹಾಗನ್ನುವುದು ಆತುರದ ಮಾತು. ನೋಡಿದ್ದನ್ನು ಮುಚ್ಚಿಡದೆ ಹೇಳುವುದು ಒಂದು ಪ್ರಾಮಾಣಿಕತೆ. ನೋಡಿದ್ದಕ್ಕಿಂತ ಒಂದಿಂಚೂ ಹೆಚ್ಚು ಹೇಳದಿರುವುದು ಇನ್ನೊಂದು. ತನ್ನ ಮಾತನ್ನು ಬೇರೊಬ್ಬರು ಸುಳ್ಳಾಗಿಸುವುದಕ್ಕೆ ಬೇಕಾದ ವಿವರವನ್ನೆಲ್ಲ ತಾನೇ ಒದಗಿಸುವುದು ಮೂರನೆಯದು, ಅದೇ ಎಲ್ಲಕ್ಕಿಂತ ಕಷ್ಟದ್ದು. ಕುರುಹು ಓದುವವನಿಗೆ ‘ಇತ್ತು’ ಎನ್ನುವ ಹಕ್ಕು ಬರುವುದು ಗೆರೆ ಎಷ್ಟು ಸ್ಪಷ್ಟವಾಗಿದೆ ಎಂಬುದರಿಂದ ಮಾತ್ರ ಅಲ್ಲ. ಇದೇ ಗೆರೆಯನ್ನು ಇನ್ನು ಯಾರ್‍ಯಾರು ಬರೆಯಬಹುದಿತ್ತು ಎಂಬ ಪಟ್ಟಿಯನ್ನು ಅವನು ಎಷ್ಟು ನಿಷ್ಠುರವಾಗಿ ಮಾಡಿದ್ದಾನೆ ಎಂಬುದರಿಂದಲೂ ಬರುತ್ತದೆ. ಅಷ್ಟಾದ ಮೇಲೂ ಒಂದು ಬಂಡೆಗೆ ಇನ್ನೊಂದು ಬಂಡೆಯ ಸಾಕ್ಷಿ ಬೇಕು. ಅಶೋಕನ ಹೆಸರಿಗೆ ನಿಟ್ಟೂರು, ಉಡೇಗೋಳಗಳು ದೊರೆತವು. ಪ್ರೋಟಾನಿನ ಸಾವಿಗೆ ಅಂಥ ಸಾಕ್ಷಿ ಈವರೆಗೆ ದೊರೆತಿಲ್ಲ. ಇದೇ ಗಣಿಯ ಹಳೆಯ ಪ್ರಯೋಗಗಳಲ್ಲಿ ಸಿಕ್ಕ, 1975ರಲ್ಲಿ ಪ್ರಕಟವಾದ ‘ಕೋಲಾರ ಘಟನೆಗಳು’ ಎಂಬ ಕೆಲವು ಗೆರೆಗಳಂತೂ ಯಾವ ಪರಿಚಿತ ಕಣದ ಲೆಕ್ಕಕ್ಕೂ ಕೂಡದೆ ಇಂದಿಗೂ ಒಗಟಾಗಿ ಉಳಿದಿವೆ. ಅರ್ಥವಾಗದ್ದನ್ನು ಅರ್ಥವಾಗದ್ದೆಂದೇ ದಾಖಲಿಸಿ ಮುಂದಿನವರಿಗೆ ಬಿಟ್ಟುಹೋಗುವುದೂ ಒಂದು ಧೈರ್ಯವೇ.

ಎರಡನೆಯ ಪ್ರಶ್ನೆಗೆ ಬರೋಣ. ಕುರುಹನ್ನೇ ಬಿಡದವರ ಮಾತು.

1983ರ ಜನವರಿಯಲ್ಲಿ ಸರ್ನ್‌ನಲ್ಲಿ ‘ಡಬ್ಲ್ಯು’ ಎಂಬ ಕಣ ಪತ್ತೆಯಾದದ್ದು ವಿಚಿತ್ರ ರೀತಿಯಲ್ಲಿ. ಆ ಕಣ ಒಡೆದಾಗ ಒಂದು ಬದಿಗೆ ಎಲೆಕ್ಟ್ರಾನ್ ಹಾರುತ್ತದೆ. ಅನಿಲದ ಪೆಟ್ಟಿಗೆಯಲ್ಲಿ ಅದರ ಗೆರೆ ಮೂಡುತ್ತದೆ. ಇನ್ನೊಂದು ಬದಿಗೆ ಹಾರುವುದು ನ್ಯೂಟ್ರಿನೊ, ಅದರ ಗೆರೆ ಇಲ್ಲವೇ ಇಲ್ಲ. ಆದರೆ ಢಿಕ್ಕಿಯಾದ ಜಾಗದಿಂದ ಅಡ್ಡಕ್ಕೆ ಚಿಮ್ಮಿದ ಎಲ್ಲದರ ವೇಗ, ತೂಕಗಳನ್ನು ದಿಕ್ಕಿನ ಸಮೇತ ಕೂಡಿದರೆ ಮೊತ್ತ ಸೊನ್ನೆಯಾಗಲೇಬೇಕು. ಸೊನ್ನೆಯಾಗದಿದ್ದರೆ, ತಕ್ಕಡಿ ಒಂದು ಕಡೆಗೆ ವಾಲಿದ್ದರೆ, ಇನ್ನೊಂದು ಕಡೆಗೆ ಕಾಣದ್ದೊಂದು ಹೋಗಿದೆ ಎಂದರ್ಥ. ಹಾಗೆ ವಾಲಿದ ತಕ್ಕಡಿಯೇ ಅಲ್ಲಿ ಸಾಕ್ಷಿಯಾಯಿತು. ಇಂದಿನ ಭೌತಶಾಸ್ತ್ರಜ್ಞರು ಇದಕ್ಕೆ ‘ಕಾಣೆಯಾದ ಶಕ್ತಿ’ ಎನ್ನುತ್ತಾರೆ. ಅದನ್ನು ಅಳೆಯಬೇಕಾದರೆ ಕಂಡದ್ದೆಲ್ಲವನ್ನೂ ಒಂದೂ ಬಿಡದಂತೆ ಲೆಕ್ಕಕ್ಕೆ ಹಿಡಿದಿರಬೇಕು. ಕಾಣುವುದರ ಲೆಕ್ಕದಲ್ಲಿ ಅಸಡ್ಡೆಯಿದ್ದವನಿಗೆ ಕಾಣದ್ದು ಎಂದೂ ಸಿಕ್ಕುವುದಿಲ್ಲ.

ಈ ಲೆಕ್ಕದ ಶಿಸ್ತನ್ನು ಯಂತ್ರದ ಆಚೆಗೂ ಒಯ್ಯಬಾರದೇಕೆ?

ನೋಡುವವರೂ ಕುರುಹು ಬಿಡುತ್ತಾರೆ. ಸರ್ನ್‌ನ ಕೆಲವು ಡಿಟೆಕ್ಟರುಗಳಲ್ಲಿ ಮುಖ್ಯವಾಗಿ ಬಳಸುವ ಅನಿಲ, ಕಾರಿನ ಎ.ಸಿ.ಗಳಲ್ಲಿ ಬಳಕೆಯಾಗುತ್ತ ಬಂದ ಆರ್-134ಎ. ಒಂದೇ ತೂಕದ ಇಂಗಾಲದ ಡೈಆಕ್ಸೈಡಿಗೆ ಹೋಲಿಸಿದರೆ ಭೂಮಿಯನ್ನು ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿ ಮಾಡಬಲ್ಲ ಅನಿಲ ಅದು. ಸಣ್ಣ ಸೋರಿಕೆಯಾದರೂ ಲೆಕ್ಕ ದೊಡ್ಡದು. ಅದಕ್ಕೇ ಈಗ ಬದಲಿ ಅನಿಲದ ಹುಡುಕಾಟ, ಬಳಸಿದ್ದನ್ನೇ ಸೋಸಿ ಮತ್ತೆ ಬಳಸುವ ಏರ್ಪಾಟು ನಡೆದಿವೆ. ಕ್ಷಣಕ್ಕೂ ನಿಲ್ಲದ ಕಣದ ಹೆಜ್ಜೆ ಹಿಡಿಯಲು ಹೊರಟವರು ತಮ್ಮ ಹೆಜ್ಜೆ ಎಷ್ಟು ಕಾಲ ಉಳಿಯುತ್ತದೆ ಎಂದು ಕೇಳಿಕೊಳ್ಳತೊಡಗಿದ್ದಾರೆ. ಇದು ಶುಭಸೂಚನೆ.

ಆದರೆ ಕೋಲಾರದ ತಕ್ಕಡಿ ಇನ್ನೂ ಒಂದು ಕಡೆಗೆ ವಾಲಿಯೇ ಇದೆ. ವಿಜ್ಞಾನಿಗಳಿಗೆ ಬೇಕಿದ್ದದ್ದು ಎರಡು ಕಿಲೋಮೀಟರಿಗೂ ಮಿಕ್ಕಿದ ಬಂಡೆಯ ಮುಚ್ಚಿಗೆ. ಆ ಮುಚ್ಚಿಗೆಯ ಅಡಿಗೆ ದಾರಿ ಕೊರೆದವರು ಯಾರು? ಗಣಿಯ ತೀರಾ ಆಳದಲ್ಲಿ ಬಂಡೆಯ ಶಾಖವೇ ಅರವತ್ತು ಡಿಗ್ರಿ ದಾಟುತ್ತಿತ್ತು. ಒತ್ತಡ ತಾಳದೆ ಬಂಡೆ ಸಿಡಿದು ಜನ ಸಾಯುತ್ತಿದ್ದರು. ಉಳಿದವರ ಎದೆಯಲ್ಲಿ ಕಲ್ಲಿನ ಧೂಳು ಕೂತು ಸಿಲಿಕೋಸಿಸ್ ಆಗುತ್ತಿತ್ತು. ಆ ಕಾರ್ಮಿಕರಲ್ಲಿ ಬಹುಪಾಲು ದಲಿತರು, ಬರಗಾಲ, ಜಾತಿಯ ಕಾಟಗಳಿಂದ ತಪ್ಪಿಸಿಕೊಂಡು ತಮಿಳು ಸೀಮೆಯಿಂದ ಬಂದ ಕುಟುಂಬಗಳವರು. ನ್ಯೂಟ್ರಿನೊ ಕೋಲಾರದಲ್ಲಿ ಸಿಕ್ಕಿತೆಂದು ನಾವು ಹೆಮ್ಮೆಪಡುವಾಗ ಈ ಹೆಗಲುಗಳ ಗೆರೆ ನಮ್ಮ ಪರದೆಯ ಮೇಲೆ ಮೂಡುವುದಿಲ್ಲ.

ಅವರ ಕುರುಹು ಯಾರಿಗೂ ಬೇಡವಾಗಿತ್ತು ಎಂದಲ್ಲ. ಕೆಲವರಿಗೆ ಬೇಕಾಗಿತ್ತು, ಬೇರೆ ಕಾರಣಕ್ಕೆ. 1930ರಲ್ಲಿ ಗಣಿ ಕಂಪನಿ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಅವರು ಮುಷ್ಕರ ಹೂಡಿದರು. ಬೆರಳಚ್ಚು ತೆಗೆಯುವುದು ಕಳ್ಳರಿಂದ ಅಲ್ಲವೇ ಎಂಬುದು ಅವರ ಸಿಟ್ಟು. ಕುರುಹಿನ ನೀತಿ ಇಲ್ಲಿ ಬಯಲಾಗುತ್ತದೆ. ನೆನಪಿಗಾಗಿ ಕೇಳುವ ಗುರುತು ಬೇರೆ, ಅನುಮಾನದಿಂದ ಕೇಳುವ ಗುರುತು ಬೇರೆ. ಮೊದಲನೆಯದು ಕೊಟ್ಟವರ ಘನತೆಯನ್ನು ಹೆಚ್ಚಿಸುತ್ತದೆ, ಎರಡನೆಯದು ಅದನ್ನು ಕಸಿದುಕೊಳ್ಳುತ್ತದೆ. ದುಡಿಯುವವರ ಬೆರಳಚ್ಚನ್ನು ಕಂತೆಗಟ್ಟಲೆ ಇಟ್ಟುಕೊಳ್ಳುವ ವ್ಯವಸ್ಥೆಗಳು ಅವರ ಹೆಸರನ್ನು ಎಲ್ಲೂ ಬರೆದಿಡದೆ ಇರಬಲ್ಲವು.

ಇದಕ್ಕೊಂದು ಆಕ್ಷೇಪಣೆ ಬರುವುದು ಸಹಜ. ಪ್ರಕೃತಿಯ ನಿಯಮ ಕಂಡುಹಿಡಿಯುವುದು ವಿಜ್ಞಾನದ ಕೆಲಸ, ಯಂತ್ರದ ಗುಂಡಿ ತೋಡಿದವರ ಚರಿತ್ರೆ ಅದಕ್ಕೇಕೆ? ಯಾರು ತೋಡಿದರೂ ನ್ಯೂಟ್ರಿನೊ ನ್ಯೂಟ್ರಿನೊವೇ. ಈ ಮಾತಿನಲ್ಲಿ ತೂಕವಿದೆ, ಸತ್ಯದ ಮೌಲ್ಯ ಅದನ್ನು ಕಂಡವರ ಸಂಕಟದ ಮೇಲೆ ನಿಂತಿಲ್ಲ. ಆದರೆ ವಿಜ್ಞಾನ ಬರಿಯ ಫಲಿತಾಂಶವಲ್ಲ, ಅದು ಒಂದು ಶೀಲ ಕೂಡ. ಪ್ರತಿ ಗೆರೆಯ ಮುಂದೆಯೂ ‘ಇದನ್ನು ಬರೆದದ್ದರಲ್ಲಿ ಯಾರ ಪಾಲೆಷ್ಟು?’ ಎಂದು ಕೇಳುವುದನ್ನು ಕಲಿಸುವ ವಿದ್ಯೆ, ತನ್ನದೇ ಕಥೆ ಹೇಳುವಾಗ ಆ ಪ್ರಶ್ನೆಯನ್ನು ಕೈಬಿಟ್ಟರೆ ತನ್ನ ಶೀಲವನ್ನೇ ಅರ್ಧಕ್ಕೆ ನಿಲ್ಲಿಸಿದಂತೆ. ಕಾಣೆಯಾದ ಶಕ್ತಿಯನ್ನು ಹುಡುಕಲು ಬಲ್ಲವರು ಕಾಣೆಯಾದ ಮನುಷ್ಯರನ್ನು ಹುಡುಕಲಾರೆವು ಎನ್ನುವಂತಿಲ್ಲ.

ಈ ಮಾತು ಭೌತಶಾಸ್ತ್ರಜ್ಞರಿಗಷ್ಟೇ ಅಲ್ಲ, ಸಾಹಿತ್ಯ ಓದುವ ನಮಗೂ ಸಲ್ಲುತ್ತದೆ. ಸರ್ನ್‌ನ ದೊಡ್ಡ ಯಂತ್ರದಲ್ಲಿ ಕಣಗಳ ಗುಂಪುಗಳು ಸೆಕೆಂಡಿಗೆ 4 ಕೋಟಿ ಸಲ ಎದುರುಬದುರಾಗುತ್ತವೆ. ಉಳಿಸಿಕೊಳ್ಳುವುದು ಕೆಲವು ಸಾವಿರವನ್ನು ಮಾತ್ರ. ಮಿಕ್ಕದ್ದನ್ನು ಆ ಕ್ಷಣದಲ್ಲೇ ಅಳಿಸಿಬಿಡುತ್ತಾರೆ, ಅದು ಮತ್ತೆ ಸಿಗುವುದಿಲ್ಲ. ಏನನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಮೊದಲೇ ಬರೆದಿಟ್ಟಿರುತ್ತಾರೆ, ಬರೆದಿಟ್ಟದ್ದನ್ನು ಆಗಾಗ ಪ್ರಶ್ನಿಸಿಕೊಳ್ಳುತ್ತಾರೆ. ನಾವೂ ಪಠ್ಯ ಆರಿಸುವಾಗ, ಊರಿನ ಚರಿತ್ರೆ ಬರೆಯುವಾಗ, ಯಾರ ಮಾತನ್ನು ಸಾಕ್ಷಿಯೆಂದು ಹಿಡಿಯಬೇಕೆಂದು ತೀರ್ಮಾನಿಸುವಾಗ ಅಳಿಸುತ್ತಲೇ ಇರುತ್ತೇವೆ. ನಮ್ಮ ಆಯ್ಕೆಯ ನಿಯಮವನ್ನು ಮಾತ್ರ ಎಲ್ಲೂ ಬರೆದಿಡುವುದಿಲ್ಲ. ಎಲ್ಲವನ್ನೂ ಉಳಿಸುವುದು ಯಾರಿಂದಲೂ ಆಗದು. ಏನನ್ನು ಅಳಿಸುತ್ತಿದ್ದೇವೆ ಎಂಬ ಅರಿವಾದರೂ ಉಳಿಯಬೇಕು.

ಕೋಲಾರದ ಪ್ರಯೋಗಗಳು 1990ರ ದಶಕದ ಮೊದಲಲ್ಲಿ ನಿಂತವು. 2001ರ ಫೆಬ್ರುವರಿಯಲ್ಲಿ ಗಣಿಯೂ ಮುಚ್ಚಿತು. ಹಟ್ಟಿಯ ಗಣಿಯಲ್ಲಿ ಇಂದೂ ಜನ ಕೆಳಗಿಳಿಯುತ್ತಾರೆ. ಚಿತ್ರದುರ್ಗದ ಕಡೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಅಶೋಕನ ಶಾಸನಗಳಿವೆ. ಅಲ್ಲಿ ಬರೆದವನೊಬ್ಬ ಅರಸನ ಮಾತು ಮುಗಿದ ಮೇಲೆ ತನ್ನ ಹೆಸರನ್ನೂ ಸೇರಿಸಿದ್ದಾನೆ. ಚಪಡ ಅವನ ಹೆಸರು, ಲಿಪಿಕಾರ ಅವನ ಕಸುಬು. ಅವನು ಮಾಡಿದ್ದು ಉದ್ಧಟತನವೆಂದು ಇಂದು ಯಾರಿಗೂ ಅನ್ನಿಸುವುದಿಲ್ಲ. ಮಸ್ಕಿಯ ಶಾಸನದ ತಿರುಳೂ ಅದಕ್ಕೆ ಒಪ್ಪುವಂಥದ್ದೇ: ಧರ್ಮದಲ್ಲಿ ತೊಡಗಿದರೆ ಸಣ್ಣವರೂ ಎತ್ತರಕ್ಕೆ ಏರಬಲ್ಲರು, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು. ಈ ಮಾತನ್ನು ಹೇಳಿದವನು ಅರಸ, ಬಂಡೆಯ ಮೇಲೆ ಕೊರೆದದ್ದು ಉಳಿ ಹಿಡಿದ ಒಂದು ಕೈ. ಅರಸನ ಹೆಸರು ಮಸ್ಕಿಯಲ್ಲಿ ಸಿಕ್ಕಿತು. ಆ ಕೈ ಯಾರದೆಂದು ಕೇಳುವುದು ಓದುವವರ ಪಾಲಿನ ಕೆಲಸ.